ಅಡಿಕೆ ಶೆಡ್ಡಿಗೆ, ದಣಪೆಗೆ ಸೆನ್ಸರ್ ಹಾಕಿದೆವು

ನಮಸ್ಕಾರ. ಈಗ ಕಾಣುತ್ತಿರುವುದು ನಮ್ಮ ಮನೆಯ ಗೇಟು. ಕಬ್ಬಿಣದ ಗೇಟು ಬಂದು 12 ವರ್ಷ ಆಯಿತು, ಆದರೂ ಅಮ್ಮ ಇದನ್ನು ದಣಪೆ ಅಂತಲೇ ಕರೆಯುತ್ತಾರೆ. ಮೊದಲು ಇಲ್ಲಿ ಉಣುಗೋಲು ಇತ್ತು. ಸಾಗರ, ಹೊಸನಗರದ ಕಡೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ. ಎರಡೂ ಬದಿಗೆ ತೂತು ಕೊರೆದ ಮರದ ಕಂಬ. ನಡುವೆ ಅಡ್ಡಡ್ಡ ಬಿದಿರಿನ ಗಳ. ಒಳಗೆ ಬರಬೇಕಾದರೆ ಗಳಗಳನ್ನು ಒಂದೊಂದಾಗಿ ಸರಿಸಬೇಕು. ಆ ಟಕ್ ಟಕ್ ಸದ್ದು ಅಡುಗೆ ಮನೆಯವರೆಗೂ ಕೇಳುತ್ತಿತ್ತು. ಎಷ್ಟು ಗಳ ಸರಿಯಿತು, ಎಷ್ಟು ನಿಧಾನಕ್ಕೆ ಸರಿಯಿತು ಅಂತ ಕೇಳಿಯೇ ಅಜ್ಜಿ ಬಂದವರು ಯಾರು ಅಂತ ಹೇಳುತ್ತಿದ್ದರು.

ಕಬ್ಬಿಣದ ಗೇಟಿಗೆ ಗ್ರೀಸ್ ಹಾಕಿದರೆ ಸದ್ದೇ ಇಲ್ಲ. ರಾತ್ರಿ ಯಾರು ತೆಗೆದರೂ ಮನೆಗೆ ಗೊತ್ತಾಗುವುದಿಲ್ಲ.

ಇದು ಶೆಡ್ಡು. ಗೇಟಿನಿಂದ ಸ್ವಲ್ಪ ಒಳಗೆ, ಮನೆಯಿಂದ ಸುಮಾರು 45 ಮೀಟರ್ ದೂರ. ಜಂಬಿಟ್ಟಿಗೆ ಗೋಡೆ, ತಗಡಿನ ಮಾಡು, ತಗಡಿನ ಬಾಗಿಲು. ಕೊಯ್ಲು ಶುರುವಾದ ಮೇಲೆ ಬೇಯಿಸಿ ಒಣಗಿಸಿದ ಅಡಿಕೆಯೆಲ್ಲ ಇಲ್ಲಿಗೆ ಬರುತ್ತದೆ. ಒಂದು ಚೀಲಕ್ಕೆ 60ರಿಂದ 70 ಕೆ.ಜಿ. ಹಿಡಿಯುತ್ತದೆ. ರಾಶಿ ಅಡಿಕೆ ಕ್ವಿಂಟಲ್‌ಗೆ 40 ಸಾವಿರ ರೂಪಾಯಿ ದಾಟಿದ ಮೇಲೆ ಇಲ್ಲಿರುವ ಚೀಲಗಳ ಬೆಲೆ ಎಷ್ಟು ಅಂತ ನೀವೇ ಲೆಕ್ಕ ಹಾಕಿ. ವರ್ಷದ ದುಡಿಮೆ ಒಂದು ತಗಡಿನ ಬಾಗಿಲ ಹಿಂದೆ ಇರುತ್ತದೆ.

ಅದಕ್ಕೆ ಅಪ್ಪ ಕಳೆದ ನಾಲ್ಕು ಚಳಿಗಾಲ ಶೆಡ್ಡಿನಲ್ಲೇ ಮಲಗಿದರು. ಈ ಮಂಚ ಕಾಣುತ್ತಿದೆಯಲ್ಲ, ಇದರ ಮೇಲೆ. ಅವರಿಗೆ ಈಗ 68. ಡಿಸೆಂಬರ್ ಚಳಿಗೆ ತಗಡಿನ ಅಡಿಯಲ್ಲಿ ಇಬ್ಬನಿ ತೊಟ್ಟಿಕ್ಕುತ್ತದೆ. ಹೋದ ವರ್ಷ ಕೆಮ್ಮು ಶಿವರಾತ್ರಿವರೆಗೂ ಬಿಡಲಿಲ್ಲ. ಬೇಡ ಅಂದರೆ ಕೇಳುವುದಿಲ್ಲ. "ಬಾಗಿಲು ತೆಗೆದರೆ ನನಗೆ ಗೊತ್ತಾಗಬೇಕಲ್ಲ" ಅನ್ನುತ್ತಾರೆ. ಸರಿ, ಬಾಗಿಲು ತೆಗೆದರೆ ಮನೆಯೊಳಗೆ ಮಲಗಿದ್ದರೂ ಗೊತ್ತಾಗುವ ಹಾಗೆ ಮಾಡೋಣ ಅಂತ ಈ ಕೆಲಸಕ್ಕೆ ಇಳಿದೆ.

ಮೊದಲು ಕ್ಯಾಮೆರಾ ಯೋಚಿಸಿದ್ದೆ. ಆಮೇಲೆ ಬಿಟ್ಟೆ. ಕ್ಯಾಮೆರಾ ರೆಕಾರ್ಡ್ ಮಾಡುತ್ತದೆ, ನಿಜ. ಆದರೆ ಅಪ್ಪನನ್ನು ಎಬ್ಬಿಸಬೇಕಲ್ಲ! ಮೈಬಿಸಿ ಗುರುತಿಸುವ ಸೆನ್ಸರ್, ಅಂದರೆ ಪಿಐಆರ್, ಅದನ್ನೂ ನೋಡಿದೆ. ಅದು ತನ್ನ ಮುಂದೆ ಬಿಸಿ ಓಡಾಡಿದರೆ ಕೂಗುತ್ತದೆ. ನಮ್ಮ ಅಂಗಳದಲ್ಲಿ ನಾಯಿ ಇದೆ, ದನ ಇದೆ, ಹಗಲಿಗೆ ಮಂಗ, ರಾತ್ರಿಗೆ ಹಂದಿ. ಎಲ್ಲಕ್ಕೂ ಕೂಗಿದರೆ ನಾಲ್ಕನೇ ದಿನ ಅಪ್ಪ ಅದನ್ನು ಆಫ್ ಮಾಡಿ ಮತ್ತೆ ಮಂಚಕ್ಕೆ ಹೋಗುತ್ತಾರೆ. ನನಗೆ ಬೇಕಿದ್ದದ್ದು ಒಂದೇ ವಿಷಯ ಹೇಳುವ ವಸ್ತು. ಬಾಗಿಲು ತೆರೆಯಿತು, ಅಷ್ಟೇ.

ಅದು ಈ ಚಿಕ್ಕ ಡಬ್ಬಿ. ಎರಡು ತುಂಡು ಇದೆ ನೋಡಿ. ಒಂದು ಬರೀ ಮ್ಯಾಗ್ನೆಟ್. ಇನ್ನೊಂದರಲ್ಲಿ ಬ್ಯಾಟರಿ, ರೇಡಿಯೊ, ಜೊತೆಗೆ ರೀಡ್ ಸ್ವಿಚ್ ಅಂತ ಒಂದು ಸಣ್ಣ ಗಾಜಿನ ಕೊಳವೆ. ಕೊಳವೆಯೊಳಗೆ ಎರಡು ತೆಳ್ಳಗಿನ ಲೋಹದ ಎಳೆ. ಮ್ಯಾಗ್ನೆಟ್ ಹತ್ತಿರ ಇದ್ದರೆ ಎಳೆಗಳು ಅಂಟಿಕೊಳ್ಳುತ್ತವೆ. ದೂರ ಹೋದರೆ ಬಿಡುತ್ತವೆ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ವಾಲ್ಟರ್ ಎಲ್‌ವುಡ್ ಅನ್ನುವವರು 1936ರಲ್ಲಿ ಇದನ್ನು ಕಂಡುಹಿಡಿದರು. ನನಗೆ ಈ ವಸ್ತುವಿನ ಮೇಲೆ ತುಂಬಾ ಗೌರವ. ಎಳೆಗಳು ಗಾಜಿನೊಳಗೆ ಮುಚ್ಚಿಕೊಂಡಿರುವುದರಿಂದ ತೇವ, ಧೂಳು ಒಳಗೆ ಹೋಗುವುದಿಲ್ಲ. ರೇಡಿಯೊ ಕೂಡ ಜಾಸ್ತಿ ಹೊತ್ತು ನಿದ್ದೆಯಲ್ಲೇ ಇರುತ್ತದೆ. ಅದಕ್ಕೇ ಒಂದು ಸಣ್ಣ 3 ವೋಲ್ಟ್ ಲಿಥಿಯಂ ಬ್ಯಾಟರಿಯಲ್ಲಿ ವರ್ಷಗಟ್ಟಲೆ ನಡೆಯುತ್ತದೆ.

ಆದರೆ ಮನೆ ಬಾಗಿಲಿಗೆ ಹಾಕುವ ಸೆನ್ಸರನ್ನು ಗೇಟಿಗೆ ಹಾಕಬೇಡಿ. ಕಾರಣ ಎರಡು.

ಒಂದು, ಸಂದು. ಮನೆ ಬಾಗಿಲಿನ ಸೆನ್ಸರಿಗೆ ಮ್ಯಾಗ್ನೆಟ್ ಸುಮಾರು 15ರಿಂದ 20 ಮಿಲಿಮೀಟರ್ ಒಳಗೆ ಇರಬೇಕು. ಗೇಟು ಹಾಗೆ ಒಂದೇ ಕಡೆ ನಿಲ್ಲುವುದಿಲ್ಲ. ಗಾಳಿಗೆ ಅಲ್ಲಾಡುತ್ತದೆ. ದನ ಮೈ ತಿಕ್ಕುತ್ತದೆ. ತಿರುಗಣೆ ಸವೆದು ತುದಿ ಕೆಳಗಿಳಿಯುತ್ತದೆ. ಮರದ ಬಾಗಿಲಾದರೆ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಇದೆಲ್ಲದಕ್ಕೂ ಸುಮ್ನೆ ಸೈರನ್ ಕೂಗಬಾರದು. ಅದಕ್ಕೆ ಅಗಲ ಸಂದಿನ, ಹೊರಾಂಗಣದ ಸೆನ್ಸರ್ ಬೇಕು. ನಾನು ತಂದದ್ದರ ಡಬ್ಬಿಯ ಮೇಲೆ 50 ಮಿಲಿಮೀಟರ್ ಅಂತ ಬರೆದಿತ್ತು.

ಎರಡನೆಯದು ಕಬ್ಬಿಣ. ಇಲ್ಲಿ ಸ್ವಲ್ಪ ನಿಧಾನಕ್ಕೆ ತೋರಿಸುತ್ತೇನೆ, ಏಕೆಂದರೆ ತುಂಬಾ ಜನ ಇಲ್ಲೇ ಸೋಲುತ್ತಾರೆ. ಮೇಜಿನ ಮೇಲೆ, ಮರದ ಹಲಗೆಯಲ್ಲಿ ಇಟ್ಟು ಮ್ಯಾಗ್ನೆಟ್ ಸರಿಸುತ್ತಿದ್ದೇನೆ. ಸ್ಕೇಲ್ ನೋಡಿ. 48 ಮಿಲಿಮೀಟರಿಗೆ ಬೀಪ್ ಅಂದಿತು. ಈಗ ಅದೇ ಎರಡು ತುಂಡನ್ನು ಗೇಟಿನ ಕಂಬಕ್ಕೆ ಹಿಡಿದು ನೋಡೋಣ. 26ಕ್ಕೇ ಬಿಟ್ಟಿತು! ಅರ್ಧದಷ್ಟು ಹೋಯಿತು. ಮ್ಯಾಗ್ನೆಟ್‌ನ ಸೆಳೆತ ಗಾಳಿಯಲ್ಲಿ ಹರಡುವ ಬದಲು ಕಬ್ಬಿಣದೊಳಗೆ ಹರಿದುಹೋಗುತ್ತದೆ. ಗದ್ದೆಯ ಬದುವಿನಲ್ಲಿ ಏಡಿ ತೂತು ಮಾಡಿದರೆ ನೀರು ಹೇಗೆ ಅದರೊಳಗೇ ಹೋಗುತ್ತದೋ, ಹಾಗೆ.

ಪರಿಹಾರ ದೊಡ್ಡದೇನಲ್ಲ. ಎರಡೂ ತುಂಡಿನ ಹಿಂದೆ ಕಬ್ಬಿಣವಲ್ಲದ ಒಂದು ದಪ್ಪ ಪಟ್ಟಿ ಇಡಬೇಕು. ಪ್ಲಾಸ್ಟಿಕ್, ಅಲ್ಯೂಮಿನಿಯಂ, ಮರ, ಯಾವುದಾದರೂ ಆದೀತು. ಹಲಸಿನ ಮರದ ತುಂಡು ಮನೆಯಲ್ಲೇ ಇತ್ತು. 20 ಮಿಲಿಮೀಟರ್ ದಪ್ಪಕ್ಕೆ ಕೊಯ್ದು, ಎಣ್ಣೆ ಹಚ್ಚಿ ಎರಡು ದಿನ ಒಣಗಿಸಿದೆ. ಅದನ್ನು ಇಟ್ಟ ಮೇಲೆ 40ರ ಹತ್ತಿರ ಬಂತು. ಇನ್ನೊಂದು ಲಾಭವೂ ಇದೆ. ಆಂಟೆನಾ ಕಬ್ಬಿಣಕ್ಕೆ ಅಂಟಿಕೊಂಡಿದ್ದರೆ ಸಿಗ್ನಲ್ ದೂರ ಹೋಗುವುದಿಲ್ಲ. ಮರದ ಪಟ್ಟಿ ಅದನ್ನೂ ಸ್ವಲ್ಪ ಸರಿ ಮಾಡುತ್ತದೆ.

ಯಾವ ತುಂಡು ಎಲ್ಲಿ? ರೇಡಿಯೊ ಇರುವುದು ಅಲ್ಲಾಡದ ಕಂಬಕ್ಕೆ. ಮ್ಯಾಗ್ನೆಟ್ ತೆರೆಯುವ ಗೇಟಿಗೆ. ಗೇಟು ಧಡಾರ್ ಅಂತ ಬಿದ್ದಾಗ ಪೆಟ್ಟು ಮ್ಯಾಗ್ನೆಟ್ಟಿಗೆ ತಾಗಲಿ, ರೇಡಿಯೊಗೆ ಬೇಡ. ತಿರುಗಣೆ ಬದಿಗೆ ಹಾಕಿದರೆ ಪ್ರಯೋಜನ ಇಲ್ಲ. ಅಲ್ಲಿ ಗೇಟು ಅರ್ಧ ತೆರೆದರೂ ಸಂದು ಬಿಡುವುದು ಎರಡು ಬೆರಳಷ್ಟೇ. ಚಿಲಕದ ಬದಿಗೆ ಹಾಕಬೇಕು, ಒಳಮುಖಕ್ಕೆ, ರಸ್ತೆಯಿಂದ ಕೈಗೆ ಸಿಗದ ಹಾಗೆ.

ಈಗ ನನ್ನ ತಪ್ಪು ಹೇಳುತ್ತೇನೆ. ಪೆಟ್ಟಿಗೆಯೊಳಗೆ ಎರಡು ಮುಖದ ಅಂಟುಪಟ್ಟಿ ಕೊಟ್ಟಿದ್ದರು. ಡ್ರಿಲ್ ಮಾಡುವುದು ಯಾಕೆ ಅಂತ ಅದನ್ನೇ ಅಂಟಿಸಿದೆ. ಅಕ್ಟೋಬರ್ ಕೊನೆ, ಹಿಂಗಾರು ಮಳೆ ಇನ್ನೂ ಬಿಟ್ಟಿರಲಿಲ್ಲ. ಮೂರನೇ ರಾತ್ರಿ ಗಾಳಿ ಮಳೆ ಹೊಡೆಯಿತು. 2 ಗಂಟೆ 40 ನಿಮಿಷಕ್ಕೆ ಸೈರನ್. ನಾನು ಏಳುವಷ್ಟರಲ್ಲಿ ಅಪ್ಪ ಟಾರ್ಚ್ ಹಿಡಿದು ಪಾಚಿಗಟ್ಟಿದ ಅಂಗಳಕ್ಕೆ ಇಳಿದಾಗಿತ್ತು. ಅವರು ಜಾರಿ ಬಿದ್ದಿದ್ದರೆ ಅಂತ ಈಗಲೂ ಎದೆ ಹಿಂಡುತ್ತದೆ. ಹೋಗಿ ನೋಡಿದರೆ ಸೆನ್ಸರ್ ಕೆಸರಿನಲ್ಲಿ ಬಿದ್ದಿತ್ತು. ಹಳೆಯ ಪೇಂಟಿನ ಪುಡಿಯ ಮೇಲೆ ಅಂಟು ಹಿಡಿದಿರಲಿಲ್ಲ. ಮರುದಿನ ಅಪ್ಪ ಏನೂ ಅನ್ನಲಿಲ್ಲ, ಆದರೆ ರಾತ್ರಿ ಮಂಚಕ್ಕೆ ಹೊಸ ಹಾಸಿಗೆ ಹಾಕಿದರು. ಒಂದು ಸುಳ್ಳು ಕೂಗು ಸಾಕು, ನಂಬಿಕೆ ಹೋಗುತ್ತದೆ. ಅಲ್ವಾ?

ಹಾಗಾಗಿ ಎರಡನೇ ಸಲ ಸರಿಯಾಗಿ ಮಾಡಿದೆ. ಮರದ ಪಟ್ಟಿಯನ್ನು ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್‌ನಿಂದ ಕಂಬಕ್ಕೆ ಬಿಗಿದೆ. ಅದರ ಮೇಲೆ ಸೆನ್ಸರನ್ನು ಸ್ಟೇನ್‌ಲೆಸ್ ಸ್ಕ್ರೂನಲ್ಲಿ ಕೂರಿಸಿದೆ. ಡಬ್ಬಿ ಐಪಿ65. ಧೂಳು, ನೀರನ್ನು ಎಷ್ಟು ತಡೆಯುತ್ತದೆ ಅಂತ ಹೇಳುವ ಗುರುತು ಅದು. ಮೊದಲ ಅಂಕಿ 6 ಅಂದರೆ ಧೂಳು ಒಳಗೆ ಹೋಗುವುದಿಲ್ಲ. 5 ಅಂದರೆ ಪೈಪಿನಲ್ಲಿ ನೀರು ಹೊಡೆದರೂ ತಡೆಯುತ್ತದೆ. ಆದರೆ ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುತ್ತದೆ. ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ತಿಂಗಳುಗಟ್ಟಲೆ ಗೋಡೆ ಒಣಗುವುದಿಲ್ಲ. ಅದಕ್ಕೆ ಮೇಲೆ ಮತ್ತು ಎರಡು ಬದಿಗೆ ಸಿಲಿಕೋನ್ ಹಚ್ಚಿದೆ. ಕೆಳಗೆ ಹಚ್ಚಲಿಲ್ಲ. ಹಿಂಭಾಗಕ್ಕೆ ನುಗ್ಗಿದ ನೀರು ಇಳಿದುಹೋಗಲು ದಾರಿ ಬೇಕು. ಸ್ಕ್ರೂ ತೂತುಗಳನ್ನು ಮಾತ್ರ ಮರೆಯದೆ ಮುಚ್ಚಿ. ಬೆಚ್ಚಗಿನ ಒಣ ಡಬ್ಬಿ ಕಂಡರೆ ಇರುವೆ ಒಳಗೆ ಮೊಟ್ಟೆ ಇಡುತ್ತದೆ. ಹಳೆಯ ಮೋಟಾರ್ ಸ್ಟಾರ್ಟರಿನಲ್ಲಿ ನಾವು ಅದನ್ನು ಸಾಕಷ್ಟು ನೋಡಿದ್ದೇವೆ.

ಗೇಟಿಗೆ ಇಡೀ ದಿನ ಹೋಯಿತು. ಶೆಡ್ಡಿನ ಬಾಗಿಲು ಒಂದು ಗಂಟೆಯ ಕೆಲಸ. ಅಲ್ಲಿ ಕಷ್ಟವಾದದ್ದು ಸಿಗ್ನಲ್. ತಗಡಿನ ಮಾಡು, ತಗಡಿನ ಬಾಗಿಲು, ಅಂದರೆ ರೇಡಿಯೊ ಅಲೆಗೆ ಅದು ಮುಚ್ಚಿದ ಡಬ್ಬ. ಬಾಗಿಲ ಮಧ್ಯದಲ್ಲಿ ಹಿಡಿದಾಗ ಐದು ಸಲ ತೆರೆದರೆ ಮೂರು ಸಲ ಮಾತ್ರ ಸುದ್ದಿ ಬಂತು. ಮೇಲ್ಗಡೆ ಮೂಲೆಗೆ, ಗೋಡೆಗೂ ಮಾಡಿಗೂ ನಡುವೆ ಗಾಳಿ ಬರಲು ಬಿಟ್ಟ ಸಂದಿನ ಹತ್ತಿರ ಹಿಡಿದಾಗ ಐದಕ್ಕೆ ಐದೂ ಬಂತು. ಸೆನ್ಸರುಗಳ ಸುದ್ದಿ ಹಿಡಿಯುವ ಪೆಟ್ಟಿಗೆಗೆ ಹಬ್ ಅನ್ನುತ್ತಾರೆ. ಮನೆಯೊಳಗಿನ ಆ ಹಬ್ ಅನ್ನೂ ಟಿವಿ ಹಿಂದಿನಿಂದ ತೆಗೆದು ಶೆಡ್ಡಿನ ಕಡೆ ಮುಖ ಇರುವ ಕಿಟಕಿಗೆ ತಂದೆ.

ನಾವು ಬಳಸಿದ್ದು 433 ಮೆಗಾಹರ್ಟ್ಸ್ ರೇಡಿಯೊ ಅಲೆಯಲ್ಲಿ ನಡೆಯುವ ಸೆಟ್. ವೈಫೈಗಿಂತ ಇದು ಗೋಡೆ, ಮರ, ಒದ್ದೆ ಸೋಗೆ ದಾಟಿ ಚೆನ್ನಾಗಿ ಹೋಗುತ್ತದೆ. ನಮ್ಮ ದೇಶದಲ್ಲಿ ಕಡಿಮೆ ಶಕ್ತಿಯ ಇಂಥ ಉಪಕರಣಗಳಿಗೆ 433ರ ಆಸುಪಾಸಿನಲ್ಲಿ, 865ರ ಆಸುಪಾಸಿನಲ್ಲಿ ಲೈಸೆನ್ಸ್ ಇಲ್ಲದೆ ಜಾಗ ಇದೆ. ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ಅಲ್ಲಿಂದ ಸೆಟ್ ತರುತ್ತಾರೆ. ದಯವಿಟ್ಟು ಪೆಟ್ಟಿಗೆ ತಿರುಗಿಸಿ ನೋಡಿ. ಅಲ್ಲಿನ ಹಲವು ಸೆಟ್ 345 ಅಥವಾ 915ರಲ್ಲಿ ನಡೆಯುತ್ತವೆ. ಅವು ಇಲ್ಲಿನ ಬ್ಯಾಂಡ್ ಅಲ್ಲ.

ಕೊಳ್ಳುವಾಗ ಇನ್ನೊಂದು ಮಾತು ಕೇಳಿ. ಸೆನ್ಸರ್ ಆಗಾಗ "ನಾನು ಇದ್ದೇನೆ" ಅಂತ ಹಬ್‌ಗೆ ಹೇಳುತ್ತದೆಯೇ? ತೀರಾ ಅಗ್ಗದವು ಹೇಳುವುದಿಲ್ಲ. ತೆರೆದಾಗ ಒಮ್ಮೆ ಕೂಗುತ್ತವೆ, ಅಷ್ಟೇ. ಅದರ ಬ್ಯಾಟರಿ ಸತ್ತರೆ ಯಾರಿಗೂ ತಿಳಿಯುವುದಿಲ್ಲ. ಮುಚ್ಚಿದ ಬಾಗಿಲು, ಸತ್ತ ಸೆನ್ಸರ್, ಎರಡೂ ಒಂದೇ ಥರ ಸುಮ್ಮನಿರುತ್ತವೆ. ಅಂಥವುಗಳಲ್ಲಿ ಹಲವು ಪ್ರತಿ ಸಲ ಒಂದೇ ಕೋಡ್ ಕಳಿಸುತ್ತವೆ, ಅದನ್ನು ನಕಲು ಮಾಡುವುದು ಸುಲಭ. ನನ್ನ ಅಭಿಪ್ರಾಯದಲ್ಲಿ ಉಳಿಸುವ ಜಾಗ ಇದಲ್ಲ. ಸ್ವಲ್ಪ ಜಾಸ್ತಿ ಕೊಟ್ಟು ಎರಡೂ ಕಡೆ ಮಾತಾಡುವ ಸೆನ್ಸರನ್ನೇ ತನ್ನಿ.

ಕರೆಂಟ್ ವಿಷಯ ನಿಮಗೆ ಗೊತ್ತೇ ಇದೆ. ಹಬ್ ಮತ್ತು ರೂಟರ್ ಎರಡನ್ನೂ ಇನ್ವರ್ಟರಿಗೆ ಕೊಟ್ಟಿದ್ದೇನೆ. ನೆಟ್ ಹೋದರೂ ಸೈರನ್ ಕೂಗಬೇಕು. ಹಾಗಾಗಿ ಸೈರನ್ ಹಬ್‌ನಲ್ಲೇ ಇರುವ ಸೆಟ್ ಆರಿಸಿದೆ. ರೂಟರಿನ ತಂತಿ ಕಿತ್ತು ಪರೀಕ್ಷೆ ಮಾಡಿದೆ, ಫೋನಿಗೆ ಏನೂ ಬರಲಿಲ್ಲ, ಮನೆಯಲ್ಲಿ ಸೈರನ್ ಮಾತ್ರ ಜೋರಾಗಿ ಕೂಗಿತು. ಅದೇ ಬೇಕಿತ್ತು.

ರಾತ್ರಿ 10ರಿಂದ ಬೆಳಗ್ಗೆ 5ರವರೆಗೆ ಸೈರನ್. ಹಗಲಿಗೆ ಬರೀ ಟಿಂಗ್ ಅಂತ ಒಂದು ಸಣ್ಣ ಗಂಟೆ. ಈ ಹಗಲಿನ ಗಂಟೆಯೇ ಅಮ್ಮನಿಗೆ ಇಷ್ಟವಾಗಿದೆ. ಟಿಂಗ್ ಅಂದರೆ ಒಲೆ ಮುಂದಿನಿಂದಲೇ ಕಿಟಕಿಗೆ ಇಣುಕುತ್ತಾರೆ. ಸಂಜೆ ನಾಲ್ಕೂವರೆಯದು ಶಾಲೆ ಮಕ್ಕಳದ್ದು, ಅಡ್ಡದಾರಿಗೆ ನಮ್ಮ ಗೇಟಿನ ಮೂಲಕ ಹೋಗುತ್ತಾರೆ ಅಂತ ಈಗ ನೋಡದೆಯೇ ಹೇಳುತ್ತಾರೆ.

ಇದು ಏನು ಮಾಡುವುದಿಲ್ಲ ಅಂತಲೂ ಹೇಳಬೇಕು. ಯಾರಾದರೂ ಬೇಲಿ ಹಾರಿದರೆ ಗೇಟಿನ ಸೆನ್ಸರಿಗೆ ಗೊತ್ತಾಗುವುದಿಲ್ಲ. ಮಾಡಿನ ತಗಡು ಎಬ್ಬಿಸಿ ಇಳಿದರೂ ಗೊತ್ತಾಗುವುದಿಲ್ಲ. ಆದರೆ ಅಷ್ಟು ಭಾರದ ಚೀಲವನ್ನು ಮಾಡಿನ ಮೇಲಿಂದ ಎತ್ತುವುದು ಕಷ್ಟ, ಬಾಗಿಲು ತೆರೆಯಲೇಬೇಕು ಅನ್ನುವುದು ನನ್ನ ಲೆಕ್ಕ. ಬೀಗ ಹಾಕುವುದನ್ನು ಮಾತ್ರ ಬಿಟ್ಟಿಲ್ಲ. ಹೊಳೆ ಬದಿಯ ಪಂಪ್ ಶೆಡ್ಡಿಗೂ ಹಾಕಬೇಕು ಅಂತ ಆಸೆ ಇತ್ತು, ಅಲ್ಲಿ ಕೇಬಲ್ ಕದಿಯುವ ಕಾಟ ಇದೆ. ಡಬ್ಬಿಯ ಮೇಲೆ 300 ಮೀಟರ್ ಅಂತ ಬರೆದಿದೆ. ಅದು ಬಯಲಿನ ಮಾತು. ತೋಟದ ನಡುವೆ, ಇಳಿಜಾರಿನಲ್ಲಿ 110 ಮೀಟರಿಗೆ ನಿಂತುಹೋಯಿತು. ಅದಕ್ಕೆ 865ರಲ್ಲಿ ನಡೆಯುವ ಲೋರಾ, ಅಂದರೆ ಕಡಿಮೆ ಶಕ್ತಿಯಲ್ಲಿ ದೂರಕ್ಕೆ ಸುದ್ದಿ ಕಳಿಸುವ ರೇಡಿಯೊ ಸೆಟ್ ನೋಡುತ್ತಿದ್ದೇನೆ. ಬೇಸಿಗೆಯಲ್ಲಿ ಹಾಕಿ ತೋರಿಸುತ್ತೇನೆ.

ಇದು ಯಾವ ಬಾಗಿಲು ಯಾವಾಗ ತೆರೆಯಿತು ಅಂತ ಫೋನಿನಲ್ಲಿ ಉಳಿದಿರುವ ಪಟ್ಟಿ. ಎರಡನೇ ಸಲ ಕೂರಿಸಿದ ಮೊದಲ ವಾರ ನೋಡಿ. ಶೆಡ್ಡಿನ ಬಾಗಿಲು, ರಾತ್ರಿ 9:50. ಮರುದಿನ 9:55. ಅದರ ಮರುದಿನವೂ ಅದೇ ಹೊತ್ತು. ಅಪ್ಪ ಮಲಗಲು ಹೋದದ್ದು. ಎರಡನೇ ವಾರ ಒಂದು ರಾತ್ರಿ ಜೋರು ಗಾಳಿ ಬೀಸಿತು. ಗೇಟು ಇಡೀ ರಾತ್ರಿ ಗಡಗಡ ಅಲ್ಲಾಡಿತು. ಸೈರನ್ ಕೂಗಲಿಲ್ಲ. ಬೆಳಗ್ಗೆ ಅಪ್ಪ ಹೋಗಿ ಮರದ ಪಟ್ಟಿ ಮುಟ್ಟಿ ನೋಡಿದರು. ಬೋಲ್ಟ್ ತಿರುಗಿಸಿ ನೋಡಿದರು. ಆಮೇಲೆ ಗೇಟನ್ನು ಸ್ವಲ್ಪ ಸ್ವಲ್ಪವೇ ತೆರೆಯುತ್ತಾ, ಎಷ್ಟಕ್ಕೆ ಟಿಂಗ್ ಅನ್ನುತ್ತದೆ ಅಂತ ಬೆರಳಿನಲ್ಲಿ ಅಳೆದರು. ಈ ಶಾಟ್ ನಾನು ಅಡುಗೆ ಮನೆ ಕಿಟಕಿಯಿಂದ ತೆಗೆದದ್ದು. ಅವರಿಗೆ ಗೊತ್ತಿಲ್ಲ.

ಆ ರಾತ್ರಿ ಫೋನಿನ ಪಟ್ಟಿಯಲ್ಲಿ ಶೆಡ್ಡಿನ ಬಾಗಿಲು ಇಲ್ಲ.

ಮಂಚವನ್ನು ಮೊನ್ನೆ ನಾವಿಬ್ಬರೂ ಸೇರಿ ಜಗಲಿಗೆ ತಂದೆವು. ಶೆಡ್ಡಿನಲ್ಲಿ ಅದು ಇದ್ದ ಜಾಗದಲ್ಲಿ ಈಗ ಮೊದಲ ಕೊಯ್ಲಿನ ಎಂಟು ಚೀಲ ಇದೆ.