ಸುಸ್ಥಿರತೆಯ ಪಾಠ ಎಲ್ಲಿಯವರೆಗೆ ತಲುಪಿದೆ?

ಮಾನ್ಯ ಪ್ರಾಂಶುಪಾಲರೆ, ಸಹೋದ್ಯೋಗಿ ಮಿತ್ರರೆ, ಇನ್ನು ಕೆಲವೇ ತಿಂಗಳಲ್ಲಿ ತರಗತಿಯ ಹೊಣೆ ಹೊರಲಿರುವ ಪ್ರಶಿಕ್ಷಣಾರ್ಥಿಗಳೆ,

‘ಸುಸ್ಥಿರ ಅಭಿವೃದ್ಧಿಗಾಗಿ ಶಿಕ್ಷಣ: ಅದರ ಜಾಗತಿಕ ವಿಸ್ತರಣೆ’ ಎಂಬ ವಿಷಯವನ್ನು ನನಗೆ ವಹಿಸಿದ್ದೀರಿ. ಮುಂದಿನ ಪೀಳಿಗೆಗೂ ಉಳಿಯುವಂತೆ ನೆಲ, ಜಲ ಬಳಸಿ ಬದುಕುವುದನ್ನು ಕಲಿಸುವುದು ಎಂದು ಅದರ ಅರ್ಥ. ಹೆಸರೇ ಸರ್ಕಾರಿ ಸುತ್ತೋಲೆಯಷ್ಟು ಭಾರವಾಗಿರುವುದರಿಂದ, ನಾನೇ ಕಂಡ ಒಂದು ಪರೀಕ್ಷಾ ಕೊಠಡಿಯಿಂದ ಮಾತು ಆರಂಭಿಸುತ್ತೇನೆ.

ಹಲವು ವರ್ಷಗಳ ಹಿಂದೆ ಒಂದು ಕಾಲೇಜಿನಲ್ಲಿ ಪದವಿ ವಿದ್ಯಾರ್ಥಿಗಳ ಪರಿಸರ ಅಧ್ಯಯನ ಪರೀಕ್ಷೆಗೆ ನಾನು ಕೊಠಡಿ ಮೇಲ್ವಿಚಾರಕನಾಗಿದ್ದೆ. ‘ಜಲಸಂರಕ್ಷಣೆಯ ಯಾವುದಾದರೂ ಐದು ಕ್ರಮಗಳನ್ನು ವಿವರಿಸಿ’ ಎಂಬುದು ಪ್ರಶ್ನೆಪತ್ರಿಕೆಯ ಒಂದು ಪ್ರಶ್ನೆ. ಅದೇ ಹೊತ್ತಿಗೆ ತಾರಸಿಯ ಮೇಲಿನ ಟ್ಯಾಂಕು ತುಂಬಿ, ನೀರು ಸಜ್ಜದ ಮೇಲೆ ಬಿದ್ದು, ಅಲ್ಲಿಂದ ಅಂಗಳಕ್ಕೆ ಮುಕ್ಕಾಲು ಗಂಟೆ ಸುರಿಯಿತು. ನಲವತ್ತು ಮಂದಿ ತಲೆ ತಗ್ಗಿಸಿ ಬರೆಯುತ್ತಲೇ ಇದ್ದರು. ಒಬ್ಬ ಹುಡುಗ ಮಾತ್ರ ಎದ್ದ. ಸದ್ದು ತಡೆಯಲಾರದೆ ಕಿಟಕಿ ಮುಚ್ಚಿ ಕೂತ. ಅಟೆಂಡರನ್ನು ಕೂಗಿ ಮೋಟರು ಆರಿಸಲು ಹೇಳಬೇಕೆಂದು ನನಗೂ ತೋಚಲಿಲ್ಲ. ನಾನು ಉತ್ತರಪತ್ರಿಕೆಗಳಿಗೆ ಸಹಿ ಹಾಕುತ್ತಿದ್ದೆ. ಆ ಪ್ರಶ್ನೆಗೆ ಬಹುತೇಕ ಎಲ್ಲರಿಗೂ ಪೂರ್ಣ ಅಂಕ ಬಂದಿರಬೇಕು.

ಈ ಶಿಕ್ಷಣ ಜಗತ್ತಿನಾದ್ಯಂತ ಹರಡಿದ ಕಥೆಯನ್ನು ಓದುವಾಗಲೆಲ್ಲ ನನಗೆ ಆ ಕಿಟಕಿ ನೆನಪಾಗುತ್ತದೆ. ಕಥೆ ಚಿಕ್ಕದೇನಲ್ಲ, ಆದರೂ ಬೇಗ ಹೇಳಿ ಮುಗಿಸಬಹುದು. ವಿಶ್ವಸಂಸ್ಥೆಯ 1972ರ ಸ್ಟಾಕ್‌ಹೋಮ್ ಪರಿಸರ ಸಮ್ಮೇಳನದ ನಂತರ, 1977ರಲ್ಲಿ ಜಾರ್ಜಿಯಾದ ಟಿಬಿಲಿಸಿಯಲ್ಲಿ ಸರ್ಕಾರಗಳು ಪರಿಸರ ಶಿಕ್ಷಣಕ್ಕೆಂದೇ ಸಭೆ ಸೇರಿದವು. 1992ರ ರಿಯೊ ಶೃಂಗಸಭೆಯ ‘ಅಜೆಂಡಾ 21’ ಎಂಬ ಕಾರ್ಯಯೋಜನೆ ತನ್ನ 36ನೆಯ ಅಧ್ಯಾಯವನ್ನು ಶಿಕ್ಷಣಕ್ಕೆ ಮೀಸಲಿಟ್ಟಿತು. 2005ರಿಂದ 2014ರವರೆಗಿನ ಹತ್ತು ವರ್ಷಗಳನ್ನು ವಿಶ್ವಸಂಸ್ಥೆ ಸುಸ್ಥಿರ ಅಭಿವೃದ್ಧಿ ಶಿಕ್ಷಣದ ದಶಕವೆಂದು ಘೋಷಿಸಿತು. ವಿಶ್ವಸಂಸ್ಥೆಯ 2015ರ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ, ಶಿಕ್ಷಣದ ನಾಲ್ಕನೆಯ ಗುರಿಯಡಿ, ಇದು 4.7 ಎಂಬ ಸಂಖ್ಯೆ ಪಡೆಯಿತು. 2021ರ ಮೇ ತಿಂಗಳಲ್ಲಿ ಬರ್ಲಿನ್ನಿನಿಂದ ಆನ್‌ಲೈನಾಗಿ ನಡೆದ ಯುನೆಸ್ಕೊ ಸಮ್ಮೇಳನದ ವೇಳೆಗೆ, 2025ರೊಳಗೆ ಎಲ್ಲ ದೇಶಗಳಲ್ಲೂ ಪರಿಸರ ಶಿಕ್ಷಣ ಪಠ್ಯಕ್ರಮದ ಮುಖ್ಯ ಭಾಗವಾಗಬೇಕೆಂಬ ಗುರಿಯೂ ಹೊರಬಿತ್ತು. ಆ ವರ್ಷ ಬಂದು ಹೋಯಿತು.

ಸರಿ, ಅಳೆದದ್ದು ಏನನ್ನು? 4.7ರ ಜಾಗತಿಕ ಸೂಚ್ಯಂಕವು ರಾಷ್ಟ್ರೀಯ ನೀತಿ, ಪಠ್ಯಕ್ರಮ, ಶಿಕ್ಷಕರ ತರಬೇತಿ, ವಿದ್ಯಾರ್ಥಿಗಳ ಮೌಲ್ಯಮಾಪನ ಎಂಬ ನಾಲ್ಕರಲ್ಲಿ ಈ ವಿಷಯಕ್ಕೆ ಎಷ್ಟು ಸ್ಥಾನವಿದೆ ಎಂದು ಕೇಳುತ್ತದೆ. ಉತ್ತರವನ್ನು ಆಯಾ ಸರ್ಕಾರಗಳೇ ತುಂಬಿ ಕಳಿಸುತ್ತವೆ. ಇದು ಬೇಡವೆಂದು ನಾನು ಹೇಳುತ್ತಿಲ್ಲ. ಯುನೆಸ್ಕೊ 2021ರಲ್ಲಿ ನೂರು ದೇಶಗಳ ಪಠ್ಯಕ್ರಮ ಚೌಕಟ್ಟುಗಳನ್ನು ಪರಿಶೀಲಿಸಿದಾಗ, ಸುಮಾರು ಅರ್ಧದಷ್ಟರಲ್ಲಿ ಹವಾಮಾನ ಬದಲಾವಣೆಯ ಉಲ್ಲೇಖವೇ ಇರಲಿಲ್ಲ. ಕಾಗದದ ಮೇಲೂ ಬರದದ್ದು ತರಗತಿಗೆ ಬರುವುದು ಕಷ್ಟ. ಆದರೆ ಅದೇ ವರದಿಯಲ್ಲಿದ್ದ ಶಿಕ್ಷಕರ ಸಮೀಕ್ಷೆ ನನಗೆ ಹೆಚ್ಚು ಮುಖ್ಯವೆನಿಸಿತು. ಹವಾಮಾನ ಬದಲಾವಣೆಯ ಗಂಭೀರತೆಯನ್ನು ಕಲಿಸುವುದು ಅಗತ್ಯವೆಂದವರು ನೂರಕ್ಕೆ 95 ಮಂದಿ. ಅದನ್ನು ವಿಶ್ವಾಸದಿಂದ ಕಲಿಸಬಲ್ಲೆವೆಂದವರು 40ಕ್ಕೂ ಕಡಿಮೆ. ತಮ್ಮದೇ ಪ್ರದೇಶದ ಮೇಲೆ ಅದರ ಪರಿಣಾಮವನ್ನು ಚೆನ್ನಾಗಿ ವಿವರಿಸಬಲ್ಲೆವೆಂದವರು ಮೂರರಲ್ಲೊಬ್ಬರು. ಹಿಮನದಿ ಕರಗುವುದನ್ನು ಹೇಳಬಲ್ಲೆವು, ನಮ್ಮೂರ ಬಾವಿ ಬತ್ತುವುದನ್ನು ಹೇಳಲಾರೆವು ಎಂದಾಯಿತು. ವಿಸ್ತರಣೆ ಎಡವಿದ್ದು ಈ ಕೊನೆಯ ಮೈಲಿಯಲ್ಲಿ ಎಂಬುದೇ ಇಂದು ನಾನು ನಿಮ್ಮ ಮುಂದಿಡಬೇಕೆಂದಿರುವ ಮಾತು.

ಆ ಮೈಲಿಯನ್ನು ದಾಟಿದ ಊರೊಂದು ಜಪಾನಿನ ಈಶಾನ್ಯ ಕರಾವಳಿಯಲ್ಲಿದೆ. ಹೆಸರು ಕೆಸೆನ್ನುಮಾ, ಮೀನುಗಾರಿಕೆಯ ಪಟ್ಟಣ. ಅಲ್ಲಿನ ಕೊಲ್ಲಿಯಲ್ಲಿ ತೆಪ್ಪಗಳಿಗೆ ಹಗ್ಗ ಇಳಿಬಿಟ್ಟು ಆಯ್ಸ್ಟರ್ ಎಂಬ ಸಿಂಪಿಯನ್ನು ಸಾಕುತ್ತಾರೆ. ಜಪಾನಿನ ಕೈಗಾರಿಕೆ ಭರದಿಂದ ಬೆಳೆದ ದಶಕಗಳಲ್ಲಿ ಕೊಲ್ಲಿಯ ನೀರು ಕೆಟ್ಟು, ಕೆಂಪು ಪಾಚಿ ಹಬ್ಬಿ, ಬಿಳಿಯಾಗಿರಬೇಕಾದ ಸಿಂಪಿಯ ಮಾಂಸವೇ ಕೆಂಪೇರಿತು. ಕೆಂಪು ಸಿಂಪಿಯನ್ನು ಕೊಳ್ಳುವವರಿರಲಿಲ್ಲ. ಹತಾಕೆಯಾಮಾ ಶಿಗೆಅತ್ಸು ಎಂಬ ಸಿಂಪಿ ಕೃಷಿಕರು ಫ್ರಾನ್ಸಿನ ಲ್ವಾರ್ ನದಿಯ ಕಡೆ ಹೋಗಿದ್ದಾಗ, ಸಮೃದ್ಧವಾದ ಸಿಂಪಿಯ ಹಿಂದೆ ಸಮೃದ್ಧವಾದ ಕಾಡಿರುವುದನ್ನು ಗಮನಿಸಿದರು. ಎಲೆ ಕೊಳೆತ ಕಾಡಿನ ಮಣ್ಣು ಕಬ್ಬಿಣದ ಅಂಶವನ್ನು ನೀರಿನಲ್ಲಿ ಕರಗುವ ರೂಪಕ್ಕೆ ತರುತ್ತದೆ, ನದಿ ಅದನ್ನು ಕಡಲಿಗೆ ಒಯ್ಯುತ್ತದೆ, ಅದರಿಂದ ಸಸ್ಯ ಪ್ಲವಕಗಳು, ಎಂದರೆ ನೀರಿನಲ್ಲಿ ತೇಲುವ ಅತಿ ಸಣ್ಣ ಸಸ್ಯಗಳು, ಬೆಳೆಯುತ್ತವೆ, ಸಿಂಪಿ ಆ ಪ್ಲವಕವನ್ನು ತಿನ್ನುತ್ತದೆ. 1989ರಲ್ಲಿ ಅವರು ಜೊತೆಗಾರ ಮೀನುಗಾರರನ್ನು ಕಟ್ಟಿಕೊಂಡು, ಕೊಲ್ಲಿಗೆ ಸೇರುವ ಓಕಾವಾ ನದಿಯ ತಲೆಯಲ್ಲಿರುವ ಮುರೋನೆ ಬೆಟ್ಟಕ್ಕೆ ಹೋಗಿ ಸಸಿ ನೆಟ್ಟರು. ಬೆಟ್ಟ ಇದ್ದದ್ದು ಬೇರೆ ಪ್ರಾಂತದಲ್ಲಿ; ಕಡಲಿನವರಿಗೆ ಅಲ್ಲೇನು ಕೆಲಸ ಎಂದು ಯಾರಾದರೂ ಕೇಳಬಹುದಿತ್ತು. ‘ಕಾಡು ಕಡಲಿನ ನಲ್ಲೆ’ ಎಂಬ ಅರ್ಥದ ಹೆಸರು ಆ ಚಳವಳಿಗೆ ಬಂತು.

ನಮಗೆ ಪಾಠವಾಗಬೇಕಾದದ್ದು ಮುಂದಿನ ಹೆಜ್ಜೆ. ಹತಾಕೆಯಾಮಾ ಮೇಲ್ಭಾಗದ ಹಳ್ಳಿಗಳ ಶಾಲಾ ಮಕ್ಕಳನ್ನು ಕಡಲಿಗೆ ಕರೆಸಿಕೊಂಡರು. ಮಕ್ಕಳು ತೆಪ್ಪದ ಮೇಲೆ ನಿಂತು, ನಯವಾದ ಬಲೆಯಿಂದ ನೀರು ಸೋಸಿ, ಬಲೆಯ ತುದಿಯಲ್ಲಿ ಉಳಿದ ಪ್ಲವಕವನ್ನು ಲೋಟಕ್ಕೆ ಬಗ್ಗಿಸಿ ಒಂದು ಗುಟುಕು ಕುಡಿಯುತ್ತಿದ್ದರು. ನದಿಯಲ್ಲಿ ಹರಿದು ಬರುವುದೆಲ್ಲ ಪ್ಲವಕಕ್ಕೆ, ಪ್ಲವಕದಿಂದ ಸಿಂಪಿಗೆ, ಸಿಂಪಿಯಿಂದ ನಮ್ಮ ಬಾಯಿಗೆ ಬರುತ್ತದೆ ಎಂದು ವಿವರಿಸಲು ಆಮೇಲೆ ಹೆಚ್ಚು ಮಾತು ಬೇಕಾಗುವುದಿಲ್ಲ. ಊರಿಗೆ ಹಿಂದಿರುಗಿದ ಮಕ್ಕಳು ಶಾಂಪೂ ಬಳಕೆ ಕಡಿಮೆ ಮಾಡುತ್ತೇವೆಂದು ಬರೆದರು, ಮನೆಯಲ್ಲಿ ಹೊಲದ ಔಷಧಿಯ ಮಾತೆತ್ತಿದರು. ನೀರನ್ನು ಕಾಪಾಡಿ ಎಂಬ ಉಪದೇಶದಿಂದ ಹುಟ್ಟಿದ ನಡತೆಯಲ್ಲ ಅದು. ನಾಲಗೆಗೆ ತಾಗಿದ ಉಪ್ಪುನೀರಿನಿಂದ ಹುಟ್ಟಿದ್ದು. ಪಟ್ಟಣದ ಶಾಲೆಗಳೂ ಇಂಥ ಕಲಿಕೆಯನ್ನು ಕೈಗೆತ್ತಿಕೊಂಡವು. 2011ರ ಮಾರ್ಚ್ 11ರ ಸುನಾಮಿ ಕೆಸೆನ್ನುಮಾವನ್ನು ಕೊಚ್ಚಿಹಾಕಿತು. ಹತಾಕೆಯಾಮಾ ತಮ್ಮ ತಾಯಿಯನ್ನೂ ತೆಪ್ಪಗಳನ್ನೂ ಕಳೆದುಕೊಂಡರು. ಆ ವರ್ಷದ ಜೂನ್ ತಿಂಗಳಲ್ಲೂ ಬೆಟ್ಟದ ಮೇಲೆ ಸಸಿ ನೆಡುವುದು ನಿಲ್ಲಲಿಲ್ಲ.

ಈಗ ನಮ್ಮ ದೇಶದತ್ತ ಬರೋಣ. ಸಂಖ್ಯೆಯ ದೃಷ್ಟಿಯಿಂದ ಭಾರತದ ವಿಸ್ತರಣೆಗೆ ಸಾಟಿ ಸಿಗುವುದು ಕಷ್ಟ. ಪರಿಸರ ವಕೀಲ ಎಂ.ಸಿ. ಮೆಹ್ತಾ ಅವರ ಮೊಕದ್ದಮೆಯಲ್ಲಿ 1991ರ ನವೆಂಬರ್ 22ರಂದು ಸುಪ್ರೀಂ ಕೋರ್ಟು ಪರಿಸರವನ್ನು ಕಡ್ಡಾಯವಾಗಿ ಬೋಧಿಸಬೇಕೆಂದು ನಿರ್ದೇಶಿಸಿತು. ಆನಂತರ ಪದವಿ ತರಗತಿಗಳಿಗೆ ಯುಜಿಸಿಯ ಆರು ತಿಂಗಳ ಕಡ್ಡಾಯ ಪತ್ರಿಕೆ ಬಂತು. ನ್ಯಾಯಾಲಯದ ಆದೇಶದಿಂದ ಇಷ್ಟು ದೊಡ್ಡ ಪ್ರಮಾಣದಲ್ಲಿ ಒಂದು ವಿಷಯ ತರಗತಿಗೆ ಬಂದದ್ದು ಸಣ್ಣ ಸಾಧನೆಯಲ್ಲ. ಆದರೆ ಆ ಪತ್ರಿಕೆಯನ್ನು ಕಲಿಸುವವರು ಯಾರು ಎಂಬುದು ಇಲ್ಲಿರುವ ಹಿರಿಯ ಅಧ್ಯಾಪಕರಿಗೆ ಗೊತ್ತು: ಯಾವ ವಿಭಾಗಕ್ಕೆ ವರ್ಕ್‌ಲೋಡ್ ಸಾಲದೋ ಅವರು. ನಾನೂ ಹಾಗೆಯೇ ಎರಡು ವರ್ಷ ಗೈಡು ನೋಡಿಕೊಂಡು ಕಲಿಸಿದ್ದೇನೆ.

ಇನ್ನೊಂದು ತೊಡಕಿದೆ. ದಿನಕ್ಕೆ ನಾಲ್ಕು ಕೊಡ ನೀರಿನಲ್ಲಿ ಸಂಸಾರ ತೂಗಿಸುವ ಮನೆಯ ಹುಡುಗಿಗೆ ನೀರನ್ನು ಮಿತವಾಗಿ ಬಳಸೆಂದು ಕಲಿಸುವುದು ಅಪಹಾಸ್ಯಕ್ಕೆ ಸಮೀಪದ ಕೆಲಸ. ಸರಾಸರಿ ಅಮೆರಿಕನ್ನನ ಇಂಗಾಲ ಹೊರಸೂಸುವಿಕೆ ಸರಾಸರಿ ಭಾರತೀಯನದಕ್ಕಿಂತ ಹಲವು ಪಟ್ಟು ಹೆಚ್ಚಿರುವಾಗ, ಎರಡೂ ದೇಶಗಳ ಮಕ್ಕಳಿಗೆ ಒಂದೇ ಪಾಠವನ್ನು ಅನುವಾದಿಸಿ ಕೊಡುವುದು ವಿಸ್ತರಣೆಯಾಗಲಾರದು. ಅಮೆರಿಕದ ನ್ಯೂಜೆರ್ಸಿ ರಾಜ್ಯ 2020ರಲ್ಲಿ ಹವಾಮಾನ ಬದಲಾವಣೆಯನ್ನು ಶಾಲೆಯ ಹಲವು ವಿಷಯಗಳೊಳಗೆ ಹೆಣೆದುಕೊಂಡಿತು; ಇಟಲಿ 2019ರ ಕಾನೂನಿನ ಮೂಲಕ ಸುಸ್ಥಿರ ಅಭಿವೃದ್ಧಿಯ ಪಾಠವನ್ನು ವರ್ಷಕ್ಕೆ ಕನಿಷ್ಠ 33 ಗಂಟೆಗಳ ಪೌರಶಿಕ್ಷಣದಲ್ಲಿ ಸೇರಿಸಿತು. ಹೆಚ್ಚು ಬಳಸುವ ನಾಡುಗಳಲ್ಲಿ ಈ ಪಾಠ ಗಟ್ಟಿಯಾಗುವುದೇ ನ್ಯಾಯ.

ಹಾಗಾದರೆ ಕರ್ನಾಟಕದ ಶಿಕ್ಷಕರು ಯಾವ ಎಳೆಯನ್ನು ಹಿಡಿಯಬೇಕು? ಬೆಂಗಳೂರಿನ ಶಾಲೆಯೊಂದರ ನಲ್ಲಿಯನ್ನು ತೆಗೆದುಕೊಳ್ಳಿ. ಅದರಲ್ಲಿ ಬರುವ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ಪಂಪಾಗಿ, ಹಾರೋಹಳ್ಳಿ ಮತ್ತು ತಾತಗುಣಿಯಲ್ಲಿ ಮತ್ತೆ ಮೇಲೇರಿ, ಸುಮಾರು ನೂರು ಕಿಲೋಮೀಟರ್ ದಾಟಿ ನಗರಕ್ಕೆ ತಲುಪುತ್ತದೆ. ಆ ಮೇಲೇರುವಿಕೆಗೆ ತಗಲುವ ವಿದ್ಯುತ್ತನ್ನು ಲೆಕ್ಕ ಹಾಕುವುದು ಎಂಟನೇ ತರಗತಿಗೆ ಒಳ್ಳೆಯ ಭೌತಶಾಸ್ತ್ರ. ಬಳಸಿ ಬಿಟ್ಟ ನೀರಿನ ಒಂದು ಭಾಗ ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಸಂಸ್ಕರಣಗೊಂಡು 2018ರಿಂದ ಕೋಲಾರದ ಕೆರೆಗಳಿಗೆ ಹೋಗುತ್ತಿದೆ. ಬತ್ತಿದ ಕೆರೆಗಳು ತುಂಬಿವೆ, ಕೊಳವೆಬಾವಿಗಳಲ್ಲಿ ನೀರು ಬಂದಿದೆ ಎಂದು ಸಂತೋಷಪಡುವ ರೈತರೂ, ಉಳಿದ ಕಲ್ಮಶವನ್ನೂ ತೆಗೆಯುವ ಮೂರನೆಯ ಹಂತದ ಶುದ್ಧೀಕರಣವಿಲ್ಲದೆ ಈ ನೀರು ಬೇಡವೆನ್ನುವ ರೈತರೂ ಅಲ್ಲಿದ್ದಾರೆ. ನಗರದ ಹುಡುಗ ಬಚ್ಚಲಿನಲ್ಲಿ ಸುರಿದ ಶಾಂಪೂ ಯಾರ ಅಂತರ್ಜಲದ ಕಡೆಗೆ ಹೊರಟಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠವನ್ನು ಯಾವ ಪಠ್ಯಪುಸ್ತಕ ಸಮಿತಿಯೂ ಬರೆಯಲಾರದು.

ನಿಮ್ಮ ಬೋಧನಾಭ್ಯಾಸದ ಅವಧಿಯಲ್ಲಿ ಇದನ್ನೇ ಒಂದು ಪಾಠಯೋಜನೆಯಾಗಿ ಬರೆಯಿರಿ. ಬೆಂಗಳೂರಿನ ಒಂದು ಶಾಲೆ, ಕೋಲಾರ ತಾಲ್ಲೂಕಿನ ಒಂದು ಶಾಲೆ. ಒಂದು ತಿಂಗಳು ಇಲ್ಲಿಯ ಮಕ್ಕಳು ಲಕ್ಷ್ಮೀಸಾಗರದ ಕೆರೆಯ ಏರಿಗೆ, ಮುಂದಿನ ತಿಂಗಳು ಅಲ್ಲಿಯ ಮಕ್ಕಳು ಸಂಸ್ಕರಣ ಘಟಕಕ್ಕೆ. ಕೆರೆಯ ನೀರನ್ನು ಕುಡಿಸಬೇಡಿ, ಅಷ್ಟಕ್ಕೆ ನಾವಿನ್ನೂ ತಲುಪಿಲ್ಲ. ಬಾಟಲಿಯಲ್ಲಿ ತಂದು ಬೆಳಕಿಗೆ ಹಿಡಿದು ನೋಡಲಿ, ಆ ನೀರಿನಲ್ಲಿ ಬೆಳೆ ತೆಗೆಯುವ ರೈತರನ್ನು ಮಾತಾಡಿಸಲಿ. ಬಸ್ಸಿನ ಖರ್ಚು, ಪೋಷಕರ ಒಪ್ಪಿಗೆ ಪತ್ರ, ಮುಖ್ಯೋಪಾಧ್ಯಾಯರ ಅನುಮತಿ ಎಲ್ಲವನ್ನೂ ಯೋಜನೆಯಲ್ಲೇ ನಮೂದಿಸಿ; ಬಹಳಷ್ಟು ಒಳ್ಳೆಯ ಪಾಠಗಳು ನಿಂತುಹೋಗುವುದು ಅಲ್ಲಿಯೇ. ಬರೆದು ತಂದವರೊಂದಿಗೆ ಕೂತು ತಿದ್ದಲು ನಾನು ಸಿದ್ಧನಿದ್ದೇನೆ.