ಹ್ಯಾಲ್ಸಿಯನ್: ಗಾಳಿ ನಿಂತಾಗಿನ ಸುಖ

ಕೇಳುಗರಿಗೆ ನಮಸ್ಕಾರ. ಪರೀಕ್ಷೆಗೆ ಅಂತ ಇಂಗ್ಲಿಷ್ ಪದಗಳ ಪಟ್ಟಿ ಬಾಯಿಪಾಠ ಮಾಡುತ್ತಿರುವ ಹುಡುಗ ಹುಡುಗಿಯರೇ, ಇವತ್ತಿನ ಮಾತು ನಿಮಗೇ. ಪದ ಒಂದೇ, ಹ್ಯಾಲ್ಸಿಯನ್. ಪಟ್ಟಿಯಲ್ಲಿ ಅದರ ಮುಂದೆ ಸುಮ್ನೆ ‘ಸಂತೋಷದ’ ಅಂತ ಬರೆದಿರುತ್ತಾರೆ. ಅಷ್ಟಕ್ಕೇ ಬಿಟ್ಟುಬಿಡಬೇಡಿ. ಇದು ಕುಣಿದಾಡುವ ಸಂತೋಷ ಅಲ್ಲ, ಗಾಳಿ ನಿಂತಾಗಿನ ಸುಖ.

ಯಾವ ಗಾಳಿ? ಅದಕ್ಕೆ ಗ್ರೀಕರ ಕಥೆ ಕೇಳಬೇಕು. ನನಗೆ ಬಹಳ ಇಷ್ಟದ ಕಥೆ, ನಿಧಾನವಾಗಿಯೇ ಹೇಳುತ್ತೇನೆ. ಗಾಳಿಗಳ ಒಡೆಯ ಈಯೊಲಸ್. ಅವನ ಮಗಳು ಆಲ್ಸಿಯೋನಿ. ಅವಳ ಗಂಡ ಸೀಯಿಕ್ಸ್ ರಾಜ, ಕಣಿ ಕೇಳಲು ಹಡಗು ಹತ್ತಿ ಹೊರಟ. ‘ಬೇಡ, ಈ ಗಾಳಿಗಳನ್ನು ಚಿಕ್ಕವಳಿದ್ದಾಗ ಅಪ್ಪನ ಮನೆಯಲ್ಲೇ ನೋಡಿದ್ದೇನೆ, ಒಮ್ಮೆ ಬಿಟ್ಟರೆ ಯಾರ ಮಾತೂ ಕೇಳುವುದಿಲ್ಲ’ ಅಂತ ಹೆಂಡತಿ ಬೇಡಿಕೊಂಡಳು. ಎರಡು ಹುಣ್ಣಿಮೆಯೊಳಗೆ ಬರುತ್ತೇನೆ ಅಂತ ಮಾತು ಕೊಟ್ಟು ಅವನು ಹೋಗೇಬಿಟ್ಟ. ಬಿರುಗಾಳಿ ಎದ್ದು ಹಡಗು ಮುಳುಗಿತು. ಇವಳಿಗೆ ಅದು ಗೊತ್ತಿಲ್ಲ. ಅವನು ಬಂದಾಗ ಉಡಲಿ ಅಂತ ಬಟ್ಟೆ ಸಿದ್ಧ ಮಾಡುತ್ತಾ, ಜೂನೋ ದೇವಿಗೆ ದಿನಾ ಧೂಪ ಹಾಕುತ್ತಾ ಕಾದಳು. ಸತ್ತವನು ಕ್ಷೇಮವಾಗಿ ಬರಲಿ ಅನ್ನುವ ಹರಕೆ ಕೇಳಿ ಕೇಳಿ ದೇವಿಗೇ ತಡೆಯಲಾಗಲಿಲ್ಲ. ಕನಸಿನಲ್ಲಿ ನಿಜ ತಿಳಿಸಿದಳು. ಗಂಡನೇ ಮಂಚದ ಪಕ್ಕ ಬಂದು ನಿಂತಂತೆ, ಗಡ್ಡ ಒದ್ದೆ, ಕೂದಲಿನಿಂದ ನೀರು ಸುರಿಯುತ್ತಿದೆ. ಬೆಳಗಾಗುತ್ತಲೇ ದಡಕ್ಕೆ ಓಡಿದಳು. ಹೆಣ ತೇಲಿ ಬರುತ್ತಿತ್ತು. ಅದರ ಕಡೆಗೆ ಹಾರಿದಳು. ಹಾರುತ್ತಲೇ ಹಕ್ಕಿಯಾದಳು, ಅವನೂ ಹಕ್ಕಿಯಾದ. ಅದೇ ಮಿಂಚುಳ್ಳಿ.

ಆಮೇಲೆ ಚಳಿಗಾಲದಲ್ಲಿ ಅವಳು ಕಡಲ ಮೇಲೆ ತೇಲುವ ಗೂಡಿನಲ್ಲಿ ಕಾವಿಗೆ ಕೂತರೆ, ಅಪ್ಪ ಏಳು ದಿನ ಗಾಳಿಗಳನ್ನು ಹೊರಗೆ ಬಿಡುವುದಿಲ್ಲ. ಆ ದಿನಗಳೇ ‘ಹ್ಯಾಲ್ಸಿಯನ್ ಡೇಸ್’. ನೋಡಿದಿರಾ, ಹಿಂದೆಯೂ ಬಿರುಗಾಳಿ, ಮುಂದೆಯೂ ಬಿರುಗಾಳಿ. ನಡುವೆ ಗಾಳಿ ನಿಂತಿದೆ.

ರೋಮಿನ ಕವಿ ಓವಿಡ್ ಇದನ್ನು ‘ಮೆಟಮಾರ್ಫಸೀಸ್’ ಕಾವ್ಯದ 11ನೇ ಭಾಗದಲ್ಲಿ ಹೇಳಿದ್ದಾನೆ. ಅರಿಸ್ಟಾಟಲ್ ಲೆಕ್ಕದಲ್ಲಿ ಇವು 14 ದಿನ, ಡಿಸೆಂಬರಿನ ಅತಿ ಚಿಕ್ಕ ಹಗಲಿನ ಹಿಂದೆ ಏಳು, ಮುಂದೆ ಏಳು. ಗ್ರೀಕಿನಲ್ಲಿ ಹಕ್ಕಿಯ ಹೆಸರು ಅಲ್ಕುವೊನ್. ‘ಹಾಲ್ಸ್’ ಅಂದರೆ ಸಮುದ್ರ, ಹಕ್ಕಿಯ ಹೆಸರೂ ಅದರಿಂದಲೇ ಬಂತು ಅಂತ ಜನ ಅಂದುಕೊಂಡರು, ಹಾಗಾಗಿ ಮೊದಲಿಗೆ ಹಕಾರ ಅಂಟಿಕೊಂಡಿತು. ನಮ್ಮ ಕೆರೆ ಏರಿಯ ತಂತಿ ಮೇಲೆ ಕೂರುತ್ತದಲ್ಲ, ಕೆಂಪು ಕೊಕ್ಕು, ಬಿಳಿ ಎದೆಯ ಮಿಂಚುಳ್ಳಿ? ಅದರ ವೈಜ್ಞಾನಿಕ ಹೆಸರೇ ಹ್ಯಾಲ್ಸಿಯನ್ ಸ್ಮಿರ್ನೆನ್ಸಿಸ್. ಗೂಡು ಮಾತ್ರ ನೀರಿನ ಮೇಲಲ್ಲ, ಮಣ್ಣಿನ ದಿಬ್ಬ ಕೊರೆದು ಮಾಡಿದ ಬಿಲದಲ್ಲಿ.

ಸಮಯ ಆಗುತ್ತಾ ಬಂತು. ಮ್ಯಾಚ್ ಗೆದ್ದ ಕುಣಿತಕ್ಕೆ, ಮದುವೆ ಮನೆಯ ಗದ್ದಲಕ್ಕೆ ದಯವಿಟ್ಟು ಈ ಪದ ಹಾಕಬೇಡಿ. ಪರೀಕ್ಷೆ ಮುಗಿದಿದೆ, ಫಲಿತಾಂಶ ಇನ್ನೂ ಬಂದಿಲ್ಲ, ಆ ನಡುವಿನ ವಾರಗಳಿವೆಯಲ್ಲ? ಅವಕ್ಕೆ ಹಾಕಿ. ನಮಸ್ಕಾರ.