ಯುರೋಪಿನ ಬೇಟೆ ತೋಟೆಗಳು: ಯಾವುದು ಎಲ್ಲಿ ಗೆದ್ದಿತು?

[ಪರದೆಯಲ್ಲಿ: ಮೇಜಿನ ಮೇಲೆ ಸಾಲಾಗಿ ನಿಲ್ಲಿಸಿದ ಐದು ತೋಟೆಗಳು]

ನಮಸ್ಕಾರ. ಜಿಮ್ ಕಾರ್ಬೆಟ್ ಯಾರೆಂದು ನಿಮಗೆ ಹೇಳಬೇಕಾಗಿಲ್ಲ, ಅಲ್ವಾ? 1907ರಲ್ಲಿ ಚಂಪಾವತ್‌ನ ನರಭಕ್ಷಕ ಹುಲಿಯನ್ನು ಕೊಂದಿದ್ದಕ್ಕೆ ಅವರಿಗೆ ಒಂದು ರೈಫಲ್ ಉಡುಗೊರೆಯಾಗಿ ಸಿಕ್ಕಿತು. ಅದರ ತೋಟೆ .275 ರಿಗ್ಬಿ. ಹೆಸರು ಇಂಗ್ಲೆಂಡಿನದು, ತೋಟೆ ಜರ್ಮನಿಯದು! ಮೌಸರ್‌ನವರ 7×57 ತೋಟೆಗೆ ಬ್ರಿಟಿಷರು ಅಂಗುಲದ ಲೆಕ್ಕದಲ್ಲಿ ಇಟ್ಟ ಹೆಸರು ಅದು. 7 ಅಂದರೆ ನಳಿಗೆಯ ಒಳಗಿನ ಅಗಲ, 57 ಅಂದರೆ ಹಿತ್ತಾಳೆ ಕೇಸಿನ ಉದ್ದ. ಎರಡೂ ಮಿಲಿಮೀಟರಿನಲ್ಲಿ.

1890ರ ದಶಕದ ಶುರುವಿನಲ್ಲಿ ಇದು ಸೈನ್ಯಕ್ಕಾಗಿ ಹುಟ್ಟಿತು. ರೈಫಲ್ ಜಾಸ್ತಿ ಒದೆಯುವುದಿಲ್ಲ, ಉದ್ದನೆಯ ಗುಂಡು ಆಳಕ್ಕೆ ಇಳಿಯುತ್ತದೆ. ಬೇಟೆಗಾರರಿಗೆ ಹಿಡಿಸಿದ್ದು ಅದೇ. ಸ್ಕಾಟ್ಲೆಂಡಿನ ಡಬ್ಲ್ಯು.ಡಿ.ಎಂ. ಬೆಲ್ ಆಫ್ರಿಕಾದಲ್ಲಿ ಇದರಿಂದ ನೂರಾರು ಆನೆಗಳನ್ನು ಕೊಂದರು. ಹೇಳುವಾಗಲೂ ನನಗೆ ಸಂಕಟವಾಗುತ್ತದೆ.

ಇಷ್ಟು ಒಳ್ಳೆಯ ತೋಟೆ ಫ್ರಾನ್ಸ್‌ನಲ್ಲಿ ಮಾತ್ರ ಸಾಮಾನ್ಯ ಬೇಟೆಗಾರರ ಕೈಗೆ ಸುಲಭವಾಗಿ ಸಿಗಲಿಲ್ಲ. ಏಕೆ ಗೊತ್ತಾ? ಕಾನೂನು.

[ಪರದೆಯಲ್ಲಿ: ಫ್ರಾನ್ಸ್ ನಕ್ಷೆ, 1939]

ಸೈನ್ಯ ಬಳಸುವ ತೋಟೆಗಳ ಮೇಲೆ ಫ್ರಾನ್ಸ್ 1939ರಲ್ಲಿ ಬಿಗಿ ನಿರ್ಬಂಧ ಹಾಕಿತು. 7×57 ಹೋಯಿತು, 8×57 ಹೋಯಿತು. ಆಮೇಲೆ ಬಂದ .308 ವಿಂಚೆಸ್ಟರ್‌ಗೂ ಅದೇ ಗತಿ. ಹಾಗಾದರೆ ಕಾಡುಹಂದಿ ಬೇಟೆಗೆ ಏನು ಮಾಡುವುದು? ಜರ್ಮನಿಯ ತೋಟೆ ವಿನ್ಯಾಸಕ ವಿಲ್ಹೆಲ್ಮ್ ಬ್ರೆನೆಕೆ 1917ರಲ್ಲಿ ಬೇಟೆಗೆಂದೇ ಮಾಡಿದ್ದ 7×64 ಇತ್ತಲ್ಲ! ಅದು ಸೈನ್ಯದ ತೋಟೆಯಲ್ಲ. ಫ್ರೆಂಚ್ ಬೇಟೆಗಾರರು ಅದನ್ನೇ ಅಪ್ಪಿಕೊಂಡರು. ಬುಡದಲ್ಲಿ ಅಂಚು ಇರುವ 8×57 ಜೆಆರ್‌ಎಸ್ ಕೂಡ ಹಾಗೇ ಗೆದ್ದಿತು. ಅಂಚಿಲ್ಲದ ಅಣ್ಣನಿಗೆ ತಡೆ, ಅಂಚಿರುವ ತಮ್ಮನಿಗೆ ಅನುಮತಿ. ಈ ನಿಯಮ ಸಡಿಲವಾದದ್ದು 2013ರಲ್ಲಿ. ಮುಕ್ಕಾಲು ಶತಮಾನ ಒಂದು ದೇಶದ ಆಯ್ಕೆಯನ್ನು ಕಾನೂನಿನ ಪುಸ್ತಕ ನಡೆಸಿತು!

ಇನ್ನು 8×57. ಇದರ ಕಥೆಯಲ್ಲಿ ಅಪಾಯವೂ ಇದೆ, ಸ್ವಲ್ಪ ಗಮನವಿಟ್ಟು ಕೇಳಿ. 1888ರ ಮೂಲ ತೋಟೆಯ ಗುಂಡಿಗಿಂತ 1900ರ ನಂತರ ಬಂದ ಹೊಸ ಗುಂಡು ಮಿಲಿಮೀಟರಿನ ಹತ್ತನೇ ಒಂದು ಪಾಲಿಗಿಂತ ತುಸು ಜಾಸ್ತಿ ದಪ್ಪ. ಅಷ್ಟೇ ವ್ಯತ್ಯಾಸ. ಆದರೆ ಹಳೆಯ ನಳಿಗೆಯಲ್ಲಿ ಹೊಸ ತೋಟೆ ಹಾರಿಸಿದರೆ ಒತ್ತಡ ವಿಪರೀತ ಏರಿ ರೈಫಲ್ಲೇ ಒಡೆಯಬಹುದು. ಈ ಭಯಕ್ಕೇ ಅಮೆರಿಕದ ಕಂಪನಿಗಳು ಇದರಲ್ಲಿ ಮದ್ದು ಕಡಿಮೆ ತುಂಬಿದವು. ಬಲವಾದ ತೋಟೆಗೆ ಅಲ್ಲಿ ಬಡಕಲು ಎಂಬ ಹೆಸರು ಬಂತು. ಪಾಪ, ತಪ್ಪು ತೋಟೆಯದಲ್ಲ.

[ಪರದೆಯಲ್ಲಿ: ಸ್ವೀಡನ್ ಕಾಡು, ಮೂಸ್ ಪ್ರಾಣಿ]

ಸ್ವೀಡನ್‌ಗೆ ಬಂದರೆ 6.5×55. ಸ್ವೀಡನ್ ಮತ್ತು ನಾರ್ವೆ ಸೈನ್ಯಗಳ ತೋಟೆ, 1894ರದು. ಮೂಸ್ ಎಂಬ ಭಾರಿ ಜಿಂಕೆಯ ಬೇಟೆಗೆ ಸ್ವೀಡನ್‌ನ ನಿಯಮ ಹೀಗಿದೆ: ಗುಂಡು 10 ಗ್ರಾಂ ಇದ್ದರೆ 100 ಮೀಟರಿನಲ್ಲಿ 2000 ಜೂಲ್ ಶಕ್ತಿ ಸಾಕು, 9 ಗ್ರಾಂ ಆದರೆ 2700 ಜೂಲ್ ಬೇಕು. ಈ ತೋಟೆಯ ಭಾರದ ಗುಂಡು 10.1 ಗ್ರಾಂ! ಕೂದಲೆಳೆಯಲ್ಲಿ ಪಾಸು. ಅಷ್ಟು ದೊಡ್ಡ ಪ್ರಾಣಿಗೆ ಇಷ್ಟು ಸಣ್ಣ ಗುಂಡಾ ಅನ್ನಬೇಡಿ. ಒದೆತಕ್ಕೆ ಹೆದರದೆ ಸರಿಯಾದ ಜಾಗಕ್ಕೆ ಹೊಡೆದರೆ ಪ್ರಾಣಿ ನರಳುವುದಿಲ್ಲ. ನನಗೆ ಮುಖ್ಯ ಅನಿಸುವುದು ಅದು.

ಬರ್ಲಿನ್‌ನ ಬಂದೂಕು ತಯಾರಕ ಒಟ್ಟೊ ಬಾಕ್ 1905ರಲ್ಲಿ ಮಾಡಿದ 9.3×62 ಇದಕ್ಕೆ ತದ್ವಿರುದ್ಧ. ಆಫ್ರಿಕಾಕ್ಕೆ ಹೋದ ಜರ್ಮನ್ ರೈತರಿಗೆ ದುಬಾರಿ ಜೋಡುನಳಿಗೆ ರೈಫಲ್ ಕೊಳ್ಳುವ ಶಕ್ತಿ ಇರಲಿಲ್ಲ. ಸಾಮಾನ್ಯ ಮೌಸರ್ ರೈಫಲ್‌ನಲ್ಲೇ ಕೂರುವ ಹಾಗೆ ದೊಡ್ಡ ತೋಟೆ ಮಾಡಿಕೊಟ್ಟರು. ಇಂದು ಅದು ಉತ್ತರ ಯುರೋಪಿನ ಮೂಸ್, ಕಾಡುಹಂದಿ ಬೇಟೆಯಲ್ಲಿ ಗಟ್ಟಿಯಾಗಿ ನಿಂತಿದೆ.

ಈಗ ಯುರೋಪಿನ ಅಂಗಡಿಗಳಲ್ಲೂ ಅಮೆರಿಕದ .308 ಮತ್ತು .30-06 ಕೈ ಮೇಲಾಗಿದೆ. ಆದರೆ ಜರ್ಮನಿಯಲ್ಲಿ ಅಜ್ಜನಿಂದ ಮೊಮ್ಮಗನಿಗೆ ಬಂದ ಮೂರು ನಳಿಗೆಯ ಬಂದೂಕುಗಳಿವೆ, ಡ್ರಿಲ್ಲಿಂಗ್ ಎನ್ನುತ್ತಾರೆ. ಮಡಚಿ ತೆರೆಯುವ ಆ ಬಂದೂಕಿನಿಂದ ತೋಟೆ ಎತ್ತಿ ತೆಗೆಯಲು ಬುಡದಲ್ಲಿ ಅಂಚು ಇದ್ದರೆ ಅನುಕೂಲ. .308ಕ್ಕೆ ಆ ಅಂಚು ಇಲ್ಲ. ಅದಕ್ಕೇ ಅಂಚಿರುವ 7×65ಆರ್, 9.3×74ಆರ್ ತೋಟೆಗಳ ಡಬ್ಬಿಗಳು ಇಂದೂ ಖರ್ಚಾಗುತ್ತಿವೆ.